ರತ್ನಾಜಿ ಸೀರಿ

ಹೋದ ವಾರ ಮಳಿ ಬಿಟ್ಟು ಎರಡು ದಿನ ಬಿಸಲು ಬಿತ್ತಲ್ಲ, ಟ್ರಂಕಿನಾಗಿನ ಕೌದಿ ಎಲ್ಲಾ ತಗದು ಮಾಳಿಗಿ ಮ್ಯಾಲೆ ಹರವಿದ್ದೆ. ಮಗ್ಗಲು ಮನಿ ಸೊಸಿ ಬಟ್ಟಿ ಒಣಗಿಸಾಕ ಬಂದಾಕಿ ಒಂದು ಕೌದಿ ಮುಂದ ಕುಂತೇ ಬಿಟ್ಟಳು. "ದೊಡ್ಡಮ್ಮಾ, ಈ ನಡುವಿನ ತುಂಡು ಇಳಕಲ್ ಸೀರಿದಲ್ಲ? ಸೆರಗು ಸೈತ ಕತ್ತರಿಸ್ಯಾರ. ಇಷ್ಟು ಚಲೋ ಸೀರಿ ಹರಿಯಾಕ ಯಾರಿಗೆ ಮನಸು ಬಂತು?" ಅಂದಳು.

"ಅದು ರತ್ನಾಜಿ ಸೀರಿ" ಅಂದೆ.

"ಯಾರು ರತ್ನಾಜಿ? ನಿಮ್ಮ ಅಜ್ಜಿ ಹೆಸರೇನು?"

ನನಗ ನಗು ಬಂತು. ಆಕಿ ದಾವಣಗೆರೆ ಕಡೆಯಿಂದ ಬಂದಾಕಿ, ಗೊತ್ತಿರಬೇಕು ಅಂತೇನಿಲ್ಲ. ನಮ್ಮ ಮೆಟ್ರಿ, ಕಂಪ್ಲಿ, ದರೋಜಿ, ಸಂಡೂರು ಕಡೆ ಹುಟ್ಟಿದವರಿಗೆ ರತ್ನಾಜಿ ಹೆಸರು ಬೈಗುಳ ಇದ್ದಂಗ. "ಭಾರಿ ರತ್ನಾಜಿ ಬಂದಾಳ ನೋಡು" ಅಂತ ನಮ್ಮ ಅತ್ತಿ ಒಬ್ಬಾಕಿ ಯಾರಿಗೋ ಅಂದಿದ್ದು ನಾನೇ ಕೇಳೀನಿ. ಅವತ್ತು ಮಾಳಿಗಿ ಮ್ಯಾಲೆ ಕುಂತು ಆ ಹುಡುಗಿಗೆ ಕತಿ ಹೇಳಿದೆ. ಹೇಳ್ತಾ ಹೇಳ್ತಾ ಇದು ನಿಮಗೂ ಬರೀಬೇಕು ಅನಿಸ್ತು. ನಿಮ್ಮಾಗ ಅರ್ಧ ಮಂದಿ 2006ರಾಗ ಶಿವರಾಜಕುಮಾರ್ ಮಾಡಿದ ‘ಗಂಡುಗಲಿ ಕುಮಾರರಾಮ’ ಸಿನಿಮಾ ನೋಡೀರಿ, ಇನ್ನರ್ಧ ಮಂದಿ ಅಜ್ಜಿ ತೊಡಿ ಮ್ಯಾಲೆ ಕೇಳೀರಿ. ಆ ಕೌದಿ ಕತಿ ಮಾತ್ರ ನಮ್ಮ ಮನಿಯವರಿಗೂ ಪೂರಾ ಗೊತ್ತಿಲ್ಲ.

ಮೊದಲು ಕುಮಾರರಾಮನ ಕತಿ, ಗೊತ್ತಿಲ್ಲದವರಿಗೆ ಅಂತ ಚುಟುಕಾಗಿ ಹೇಳ್ತೀನಿ. ಕಂಪಿಲರಾಯ ಅಂತ ಅರಸ. ನಮ್ಮ ಕಂಪ್ಲಿ ಅವನ ಊರು. ಹೊಳಿ ಆಚಿಗೆ, ಗಂಗಾವತಿ ತಾಲೂಕಿನ ಜಬ್ಬಲಗುಡ್ಡದ ಹತ್ತಿರ ಇರೋ ಕುಮ್ಮಟದುರ್ಗ ಅವನ ಕೋಟಿ. ಅವನ ಹೆಂಡತಿ ಹರಿಯಲದೇವಿ. ಮೊಳಕಾಲ್ಮೂರು ಕಡೆಯ ಜಟಿಂಗ ರಾಮೇಶ್ವರನ ವರದಿಂದ ಹುಟ್ಟಿದ ಮಗ ಅಂತ ರಾಮನಾಥ ಅಂತ ಹೆಸರಿಟ್ಟರು. ಶೂರ, ಚೆಲುವ, ಮ್ಯಾಲೆ ‘ಪರನಾರಿ ಸೋದರ’ ಅಂತ ಬಿರುದು. ಮಂದಿ ಮನಿ ಹೆಂಗಸರೆಲ್ಲಾ ಅವನಿಗೆ ಅಕ್ಕತಂಗಿಯರು. ಅಂಥವನು ಒಂದು ದಿನ ಚೆಂಡಾಡೋವಾಗ ಚೆಂಡು ಹೋಗಿ ಅವರಪ್ಪನ ಕಿರೇ ಹೆಂಡತಿ ರತ್ನಾಜಿ ಅರಮನಿ ಒಳಗ ಬಿತ್ತು. ತರಾಕ ಹೋದ. ಆಕಿ ಮನಸೋತಳು, ಕೈ ಹಿಡದಳು. ಇವನು "ನೀನು ನನಗ ತಾಯಿ" ಅಂತ ಕೊಸರಿಕೊಂಡು ಬಂದ. ಆಕಿ ಮೈಮ್ಯಾಲಿನ ಬಟ್ಟಿ ಹರಕೊಂಡು ಗಂಡನ ಮುಂದ "ನಿನ್ನ ಮಗ ನನ್ನ ಮ್ಯಾಲೆ ಕೈ ಮಾಡಿದ" ಅಂದಳು. ಅರಸ ಹಿಂದಿಲ್ಲ ಮುಂದಿಲ್ಲ, "ಮಗನ ತಲಿ ತಗದು ತರ್ರಿ" ಅಂದ. ಮಂತ್ರಿ ಬೈಚಪ್ಪ ಶಾಣ್ಯಾ. ರಾಮನನ್ನ ನೆಲಮಾಳಿಗ್ಯಾಗ ಬಚ್ಚಿಟ್ಟು, ಅವನಂಗೇ ಕಾಣೋ ಬ್ಯಾರೆ ಒಬ್ಬನ ತಲಿ ತಂದು ತೋರಿಸಿದ. ರಾಮ ಸತ್ತ ಅಂತ ಸುದ್ದಿ ತಿಳದು ದಿಲ್ಲಿ ದಂಡು ಏರಿ ಬಂತು. ಅವಾಗ ಬೈಚಪ್ಪ ರಾಮನನ್ನ ಹೊರಗ ತಗದ. ರತ್ನಾಜಿ ತನ್ನ ಪ್ರಾಣ ತಾನೇ ಕಳಕೊಂಡಳು ಅಂತಾರ. ರಾಮ ಕಾದಿದ, ಗೆದ್ದ, ಕಡಿಗೆ ಸತ್ತ.

ಇದು ಕತಿ. ಇದನ್ನ ನಂಜುಂಡ ಅನ್ನೋ ಕವಿ 1525ರ ಸುಮಾರಿಗೆ ಸಾಂಗತ್ಯದಾಗ ಬರದ. ಆಮ್ಯಾಲೆ ಪಾಂಚಾಳ ಗಂಗ ಬರದ. ಹಾಡಿದವರು, ಆಡಿದವರು ಎಷ್ಟು ಮಂದಿಯೋ. ನಮ್ಮ ದರೋಜಿ ಈರಮ್ಮ, ಬುರ್ರಕಥಾ ಈರಮ್ಮ ಅಂತ ನಾಡಿಗೆಲ್ಲಾ ಗೊತ್ತಿದ್ದಾಕಿ, ಓದು ಬರಹ ಇಲ್ಲದೇ ಇಂಥಾ ದೊಡ್ಡ ದೊಡ್ಡ ಕಾವ್ಯ ಬಾಯಿಲೇ ಹಾಡತಿದ್ದಳು. ಕುಮಾರರಾಮನ ಕತಿ ಅದರಾಗ ಒಂದು. ಹಂಪಿ ಕನ್ನಡ ವಿಶ್ವವಿದ್ಯಾಲಯದವರು ಆಕಿಗೆ ನಾಡೋಜ ಕೊಟ್ಟರು. 2014ರಾಗ ತೀರಿಕೊಂಡಳು.

ಈಗ ನಮ್ಮ ಮನಿ ಮಾತು.

ನಮ್ಮವ್ವ ಹೋದಾಗ ನನಗ ಏಳು ವರ್ಷ, ಅಣ್ಣಗ ಹದಿನಾಲ್ಕು. ವರ್ಷ ತುಂಬೋದ್ರಾಗ ಅಪ್ಪ ಇನ್ನೊಂದು ಮದಿವಿ ಆದ. ಹಂಗಂತ ಅಪ್ಪನ್ನ ಬೈಯಂಗಿಲ್ಲ, ಎಮ್ಮಿ, ಹೊಲ, ಎರಡು ಮಕ್ಕಳು, ರೊಟ್ಟಿ ಬಡಿಯೋರು ಬೇಕಿತ್ತು. ಬಂದಾಕಿಗೆ ಹತ್ತೊಂಬತ್ತು. ಅಪ್ಪನ ಅರ್ಧ ವಯಸ್ಸು. ಅಣ್ಣಗಿಂತ ನಾಲ್ಕೋ ಐದೋ ವರ್ಷ ದೊಡ್ಡಾಕಿ, ಅಷ್ಟೇ. ನಾವು ಚಿಗವ್ವ ಅಂತಿದ್ವಿ. ಮೊದಲ ವರ್ಷ ಚಿಗವ್ವ, ಅಣ್ಣ, ನಾನು ಮೂರೂ ಮಂದಿ ಹೊಲಕ್ಕ ಹೋಗೋದು, ಶೇಂಗಾ ಸುಟಗೊಂಡು ತಿನ್ನೋದು, ಚೌಕಾಬಾರ ಆಡೋದು. ಆಕಿ ಸೋತರ ಅಣ್ಣ ಕೇಕಿ ಹಾಕತಿದ್ದ. ಆಕಿಗೂ ಅದು ಆಟದ ವಯಸ್ಸೇ ಅಲ್ಲೇನ್ರಿ.

ಎರಡನೇ ವರ್ಷ ಹೊಳಿ ಆಚಿಗಿನ ಒಂದೂರಿನವರು ಕುಮಾರರಾಮನ ಬಯಲಾಟ ಆಡಾಕ ಬಂದರು. ಟಿವಿ ಇನ್ನ ಇರಲಿಲ್ಲ. ಊರಾಗ ಆಟ ಅಂದ್ರ ಎಂಟು ದಿನದ ಸಂಭ್ರಮ. ಹೆಣ್ಣು ಪಾರ್ಟೂ ಗಂಡಸರೇ ಕಟ್ಟೋದು, ಸೀರಿ ಬಂಗಾರ ಊರಾಗ ಮನಿ ಮನಿಗೆ ಹೋಗಿ ಕೇಳಿ ತರೋದು ಪದ್ಧತಿ. ನಮ್ಮ ಮನಿಗೂ ಬಂದರು. "ತಂಗೀ, ರಾಣಿ ಪಾರ್ಟಿಗೆ ಒಂದು ಚಲೋ ಸೀರಿ ಕೊಡವಾ" ಅಂದರು. ಹೊಸಾ ಮದುಮಗಳ ಮನಿಯಾಗ ಚಲೋ ಸೀರಿ ಇರ್ತಾವಂತ ಗೊತ್ತಲ್ಲ. ಚಿಗವ್ವ ಖುಷಿಲೇ ತನ್ನ ಧಾರೀ ಸೀರಿ ಕೊಟ್ಟಳು. ದಾಳಿಂಬ್ರ ಬಣ್ಣದ ಒಡಲು, ಅಗಲ ಅಂಚು, ಕೆಂಪು ಬಿಳಿ ಸೆರಗು. ಯಾವ ರಾಣಿ ಅಂತ ಆಕಿ ಕೇಳಲಿಲ್ಲ, ಅವರು ಹೇಳಲಿಲ್ಲ.

ನಾನು ಆಟ ನೋಡತಾ ನಿದ್ದಿ ಹೋಗಿದ್ದೆ. ನನಗ ನೆನಪಿರೋದು ಇಷ್ಟೇ: ಪೆಟ್ರೋಮ್ಯಾಕ್ಸ್ ಬೆಳಕು, ಹಾರ್ಮೋನಿಯಂ ಸಪ್ಪಳ, ಆ ಸೀರಿ ಉಟ್ಟವನು ಅಟ್ಟದ ಮ್ಯಾಲೆ ಬಂದ ಕೂಡಲೇ ಮಂದಿ ಗೊಳ್ಳಂತ ನಕ್ಕಿದ್ದು. ಯಾಕ ನಕ್ಕರು ಅಂತ ತಿಳೀಲಿಲ್ಲ. ಮರುದಿನದಿಂದ ನಮ್ಮ ಮನಿ ಬ್ಯಾರೆ ಆತು. ಚಿಗವ್ವ ಅಣ್ಣನ ಗಂಗಾಳ ಹೊಸ್ತಿಲ ಮ್ಯಾಲೆ ಇಟ್ಟು ಒಳಗ ಹೋಗಿಬಿಡೋಳು. ಏನಾರ ಬಡಸಬೇಕಂದ್ರ ನನ್ನ ಕೈಲೇ ಕಳಸೋಳು. ಅಣ್ಣ ಪಡಸಾಲಿಗೆ ಬಂದ್ರ ಆಕಿ ಅಡಗಿ ಮನಿಗೆ, ಅಣ್ಣ ಅಡಗಿ ಮನಿಗೆ ಬಂದ್ರ ಆಕಿ ಹಿತ್ತಲಿಗೆ. ಚೌಕಾಬಾರದ ಕವಡಿ ಎಲ್ಲಿಟ್ಟಳೋ ದೇವರಿಗೇ ಗೊತ್ತು. ಅಣ್ಣ ಇದೇನೋ ತನ್ನ ಕಂಡ್ರ ಆಗಂಗಿಲ್ಲ ಅಂತ ತಿಳಕೊಂಡ. ಹತ್ತನೇತ್ತ ಮುಗದ ಕೂಡಲೇ ಹೊಸಪೇಟಿ ಹಾಸ್ಟೆಲ್ ಸೇರಿದ, ಹಬ್ಬಕ್ಕ ಬಂದ್ರೂ ಎರಡು ದಿನ ನಿಲ್ಲತಿದ್ದಿಲ್ಲ. ನಾನೂ ಎಷ್ಟೋ ವರ್ಷ ಹಂಗೇ ತಿಳಕೊಂಡಿದ್ದೆ. ಮಲತಾಯಿ ಅಂದ್ರ ಹಂಗೇ ಅಂತ ಮಂದಿ ಹೇಳತಿದ್ದರು, ನಂಬಿದೆ.

ಮುಂದ ನಾನು ಕನ್ನಡ ಎಂ.ಎ. ಓದೋವಾಗ ಈ ಕತಿ ಪುಸ್ತಕದಾಗ ಸಿಕ್ತು. ಓದ್ತಾ ಹೋದಂಗ ಒಂದು ಮಾತು ತಿಳೀತು. ಈ ಕತಿ ಬರೇ ನಮ್ಮ ಕಂಪ್ಲಿದಲ್ಲ. ಎಲ್ಲಾ ಸೀಮ್ಯಾಗೂ ಐತಿ.

ನಮ್ಮ ಬಳ್ಳಾರಿ ತೆಲುಗು ಮಂದಿನ್ನ ಕೇಳ್ರಿ, ಸಾರಂಗಧರನ ಕತಿ ಹೇಳ್ತಾರ. ರಾಜಮಹೇಂದ್ರಿ ಅರಸ ರಾಜರಾಜ ನರೇಂದ್ರ. ಮಗ ಸಾರಂಗಧರ, ಕಿರೇ ಹೆಂಡತಿ ಚಿತ್ರಾಂಗಿ. ಅಲ್ಲಿ ಚೆಂಡಲ್ಲ, ಪಾರಿವಾಳ. ಪಾರಿವಾಳ ಹಾರಿ ಹೋಗಿ ಆಕಿ ಮನಿ ಮ್ಯಾಲೆ ಕುಂತಿತು, ಹುಡುಗ ಹಿಡಿಯಾಕ ಹೋದ. ಮುಂದ ಅದೇ ಮಾತು, ಅದೇ ಸುಳ್ಳು, ಅವರಪ್ಪ ಕೈಕಾಲು ಕಡಿಸಿದ. ಇದನ್ನ ಬಳ್ಳಾರಿ ವಕೀಲರಾಗಿದ್ದ ಧರ್ಮವರಂ ರಾಮಕೃಷ್ಣಮಾಚಾರ್ಯರು 19ನೇ ಶತಮಾನದ ಕೊನೀಗೆ ‘ವಿಷಾದ ಸಾರಂಗಧರ’ ಅಂತ ನಾಟಕ ಮಾಡಿದರು. ಅಳೋ ನಾಟಕ ತೆಲುಗಿಗೆ ತಂದವರು ಅವರೇ ಅಂತ ಹೆಸರು. 1957ರ ಸಿನಿಮಾದಾಗ ಎನ್.ಟಿ.ಆರ್. ಸಾರಂಗಧರ, ಭಾನುಮತಿ ಚಿತ್ರಾಂಗಿ. ಈ ಕತಿಯಾಗ ಒಂದು ಮಾತು ಗಮನಿಸ್ರಿ. ಚಿತ್ರಾಂಗಿನ್ನ ಮೊದಲು ನೋಡಿದ್ದು ಮಗನಿಗೆ. ಚೆಲುವಿಕಿ ನೋಡಿ ಅಪ್ಪ ತಾನೇ ತಾಳಿ ಕಟ್ಟಿಬಿಟ್ಟ. ನಮ್ಮ ಕಡೆ ರತ್ನಾಜಿ ಕತಿ ಹೇಳೋ ಕೆಲವರೂ ಹಿಂಗೇ ಹೇಳ್ತಾರ. ಅಂದ್ರ ಹುಡುಗಿಗೆ ಮೊದಲು ಹುಡುಗನ ಆಸಿ ತೋರಿಸಿದರು, ಆಮ್ಯಾಲೆ ಮುದುಕನ ಕೈಗೆ ಕೊಟ್ಟರು. ಇದನ್ನ ಅಟ್ಟದ ಮ್ಯಾಲೆ ಒಂದು ಪದದಾಗ ಮುಗಿಸಿ ಮುಂದ ಹೋಗಿಬಿಡ್ತಾರ ನೋಡ್ರಿ.

ಇನ್ನ ಹಿಂದಕ್ಕ ಹೋಗ್ರಿ. ಕೊಪ್ಪಳದ ಗವಿಮಠದ ಬಂಡಿ ಮ್ಯಾಲೆ, ಸಿರುಗುಪ್ಪ ತಾಲೂಕಿನ ನಿಟ್ಟೂರಿನಾಗ ಶಾಸನ ಕೆತ್ತಿಸಿದ ಅಶೋಕ ಚಕ್ರವರ್ತಿ ಇದ್ದನಲ್ಲ, ಅವನ ಮನಿಯಾಗೂ ಇದೇ ಕತಿ ಬೌದ್ಧರು ಹೇಳ್ತಾರ. ಮಗ ಕುಣಾಲ. ಅವನ ಕಣ್ಣು ಭಾಳ ಚೆಂದ. ಮುಪ್ಪಿನ ಅಶೋಕ ಕಟ್ಟಿಕೊಂಡ ತಿಷ್ಯರಕ್ಷಿತೆ ಆ ಕಣ್ಣಿಗೆ ಮನಸೋತಳು. ಅವನು ಒಲ್ಲೆ ಅಂದ. ಆಕಿ ಅರಸನ ಮುದ್ರಿ ಒತ್ತಿ ತಕ್ಷಶಿಲೆಗೆ ಕಾಗದ ಕಳಿಸಿ ಅವನ ಕಣ್ಣು ಕೀಳಿಸಿದಳು. ಕಣ್ಣಿಲ್ಲದ ಮಗ ಹಾಡಿಕೊಂಡು ತಿರಗತಾ ಅಪ್ಪನ ಊರಿಗೆ ಬಂದ, ಅಪ್ಪ ದನಿ ಗುರುತು ಹಿಡದ. ಕುಣಾಲ "ಆಕಿನ್ನ ಬಿಟ್ಟುಬಿಡು" ಅಂದ್ರೂ ಅಶೋಕ ಆಕಿನ್ನ ಸುಡಿಸಿದ ಅಂತ ಕತಿ.

ನಮ್ಮ ಓಣಿ ಖಾಲಾ ಒಬ್ಬಾಕಿ ಯೂಸುಫ್ ನಬಿ ಕತಿ ಹೇಳತಿದ್ದಳು. ಕುರಾನಿನಾಗೂ ಬೈಬಲ್ಲಿನಾಗೂ ಇರೋ ಕತಿ ಇದು. ಅಲ್ಲಿ ಮಲತಾಯಿ ಅಲ್ಲ, ಕೊಂಡುಕೊಂಡ ಯಜಮಾನನ ಹೆಂಡತಿ. ಬೈಬಲ್ಲಿನಾಗ ಆಕಿಗೆ ಹೆಸರೇ ಇಲ್ಲ, ಮುಂದಿನವರು ಜುಲೇಖಾ ಅಂದರು. ಖಾಲಾ ಹೇಳೋದ್ರಾಗ ನನಗ ಹಿಡಿಸಿದ್ದು ಅಂಗಿ ಮಾತು. ಯಾರ ತಪ್ಪು ಅಂತ ತಿಳಿಯಾಕ ಒಬ್ಬ ಹೇಳ್ತಾನ: ಅಂಗಿ ಮುಂದ ಹರದಿದ್ರ ಆಕಿ ಮಾತು ನಿಜ, ಹಿಂದ ಹರದಿದ್ರ ಇವನ ಮಾತು ನಿಜ. ನೋಡಿದ್ರ ಅಂಗಿ ಹಿಂದ ಹರದಿತ್ತು. ಕಡೀಗೆ ಒಬ್ಬರಾದರೂ ಬಟ್ಟಿ ನೋಡಿ ವಿಚಾರ ಮಾಡಿದರಲ್ಲ! ಕಂಪಿಲರಾಯ ಅಷ್ಟೂ ಮಾಡಲಿಲ್ಲ. ಊರ ಹೆಂಗಸರು ಜುಲೇಖಾನ ಆಡಿಕೊಂಡಾಗ ಆಕಿ ಅವರನ್ನೆಲ್ಲಾ ಕರದು ಕೈಯಾಗ ಚೂರಿ ಕೊಟ್ಟು ಕುಂದ್ರಿಸಿ ಯೂಸುಫನನ್ನ ಕರದಳಂತ. ಅವನ ರೂಪ ನೋಡತಾ ಎಲ್ಲಾರೂ ಕೈ ಕೊಯ್ದುಕೊಂಡರು. ಇದನ್ನ ಹೇಳೋವಾಗ ಖಾಲಾ ಪ್ರತಿ ಸಲ ನಗತಿದ್ದಳು. ಪಾರಸಿ ಕವಿ ಜಾಮಿ 1483ರಾಗ ಬರದ ಕಾವ್ಯದಾಗ ಜುಲೇಖಾ ಮುದುಕಿ ಆಗಿ, ಕಣ್ಣು ಕಳಕೊಂಡು, ಕಡೀಗೆ ಮತ್ತ ಹರೇವು ಬಂದು ಯೂಸುಫನನ್ನೇ ಮದಿವಿ ಆಗ್ತಾಳ. ಇಷ್ಟು ಕತಿಯಾಗ ಇಬ್ಬರಿಗೂ ಒಳ್ಳೇದಾಗೋದು ಅದೊಂದ್ರಾಗೇ ನಾನು ಕಂಡಿದ್ದು.

ಗ್ರೀಸ್ ದೇಶದಾಗ ಫೀಡ್ರಾ ಅಂತ ರಾಣಿ, ಮಲಮಗ ಹಿಪೊಲಿಟಸ್. ಯೂರಿಪಿಡಿಸ್ ಅನ್ನೋ ನಾಟಕಕಾರ ಕ್ರಿಸ್ತಪೂರ್ವ 428ರಾಗ ಇದನ್ನ ಆಡಿಸಿದ. ಆಕಿ ಮನಸಿನಾಗಿಂದು ತಾನೇ ಹೇಳಲಿಲ್ಲ, ದಾದಿ ಹೋಗಿ ಹೇಳಿಬಿಟ್ಟಳು. ಮಾನ ಹೋತು ಅಂತ ಆಕಿ ಉರುಲು ಹಾಕಿಕೊಂಡಳು, ಹೋಗೋವಾಗ ಹಲಗಿ ಮ್ಯಾಲೆ ಮಲಮಗನ ಮ್ಯಾಲೆ ಸುಳ್ಳು ಬರದಿಟ್ಟು ಹೋದಳು. ಅಪ್ಪ ಕೇಳದೇ ಶಾಪ ಹಾಕಿದ. ಇದಕ್ಕೂ ಹಳೇದು ಈಜಿಪ್ಟಿನಾಗ ಐತಿ, 3200 ವರ್ಷದ ಹಿಂದೆ ಹುಲ್ಲಿನ ಕಾಗದದ ಮ್ಯಾಲೆ ಬರದಿದ್ದು, ಈಗ ಲಂಡನ್ನಿನ ಮ್ಯೂಸಿಯಮ್ಮಿನಾಗ ಇಟ್ಟಾರ. ಅಲ್ಲಿ ಅತ್ತಿಗಿ, ಮೈದುನ. ಸುಳ್ಳು ಬಯಲಾದಾಗ ಗಂಡ ಆಕಿನ್ನ ಕೊಂದು ನಾಯಿಗೆ ಹಾಕಿದ.

ಪಂಜಾಬಿನ ಕತಿ ಮಾತ್ರ ಸ್ವಲ್ಪ ನಿಂತು ಹೇಳ್ತೀನಿ. ಸಿಯಾಲಕೋಟಿ ಅರಸ ಸಲವಾನ, ಈಗ ಆ ಊರು ಪಾಕಿಸ್ತಾನದಾಗ ಐತಿ. ಮಗ ಪೂರಣ, ಕಿರೇ ರಾಣಿ ಲೂಣಾ. ಅದೇ ಆರೋಪ. ಪೂರಣನ ಕೈಕಾಲು ಕಡಿಸಿ ಬಾವಿಗೆ ಹಾಕಿದರು. ಗೋರಖನಾಥ ಎತ್ತಿ ಬದುಕಿಸಿದ. ಸನ್ಯಾಸಿ ಆಗಿ ಪೂರಣ ತಿರುಗಿ ಬಂದಾಗ ಲೂಣಾ ಮಕ್ಕಳಿಲ್ಲ ಅಂತ ಬೇಡಿಕೊಂಡು ಬಂದಳು, ತಪ್ಪು ಒಪ್ಪಿಕೊಂಡಳು. ಅವನು ಅಕ್ಕಿಕಾಳು ಕೊಟ್ಟು ಮಗನಾಗಲಿ ಅಂದ. ಆ ಬಾವಿಗೆ ಮಕ್ಕಳಿಲ್ಲದ ಹೆಂಗಸರು ನೀರು ಹಾಕಿಕೊಳ್ಳಾಕ ಹೋಗೋ ಪದ್ಧತಿ ಐತಿ. ಇಷ್ಟು ಶತಮಾನ ಎಲ್ಲಾರೂ ಪೂರಣ ಭಗತ ಪೂರಣ ಭಗತ ಅಂತ ಹಾಡಿದ ಮ್ಯಾಲೆ ಶಿವಕುಮಾರ ಬಟಾಲವಿ ಅನ್ನೋ ಪಂಜಾಬಿ ಕವಿ 1965ರಾಗ ‘ಲೂಣಾ’ ಅಂತಲೇ ಹೆಸರಿಟ್ಟು ಕಾವ್ಯನಾಟಕ ಬರದ. ಅಪ್ಪನ ವಯಸ್ಸಿನವನಿಗೆ ಕಟ್ಟಿದ ಹುಡುಗಿ ಏನು ಅಂತಾಳ ಅನ್ನೋದನ್ನ ಆಕಿ ಬಾಯಿಲೇ ಹೇಳಿಸಿದ. 1967ರಾಗ ಅದಕ್ಕ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅವನು ಬದುಕಿದ್ದು ಮೂವತ್ತಾರೇ ವರ್ಷ.

ಇಷ್ಟು ಓದಿದ ಮ್ಯಾಲೆ ನನಗ ಎದ್ದ ಪ್ರಶ್ನಿ ಇದು. ಎಲ್ಲಾ ಕಡೆ ಇರೋ ಕತಿ ಅಂದ ಮ್ಯಾಲೆ ಕುಮ್ಮಟದುರ್ಗದಾಗ ನಿಜವಾಗ್ಲೂ ಹಿಂಗ ನಡದಿತ್ತೋ, ಇಲ್ಲಾ ಸೀಮಿ ಸೀಮಿ ತಿರಗೋ ಕತಿ ನಮ್ಮ ಕೋಟಿಗೂ ಬಂದು ಕುಂತಿತೋ?

ಇತಿಹಾಸ ಏನು ಹೇಳ್ತತಿ ನೋಡ್ರಿ. ಕಂಪಿಲರಾಯ ಕತಿ ಮನಿಷ್ಯ ಅಲ್ಲ, ನಿಜವಾಗಿ ಆಳಿದವನು. ಅವರಪ್ಪ ಮುಮ್ಮಡಿ ಸಿಂಗೆಯ ನಾಯಕ ದೇವಗಿರಿ ಸೇವುಣರ ಕೈಕೆಳಗ ಇದ್ದ. ದೇವಗಿರಿ ದಿಲ್ಲಿಯವರ ಪಾಲಾದ ಮ್ಯಾಲೆ ಮಗ ಸ್ವತಂತ್ರ ಆದ. ಹೊಯ್ಸಳ ಬಲ್ಲಾಳನ ಜೋಡಿ ಕಾದಾಡಿದ. ಕಡಿಗಾಲ ಬಂದಿದ್ದು ಹಿಂಗ. ದಿಲ್ಲಿ ಸುಲ್ತಾನ ಮಹಮದ್ ಬಿನ್ ತುಘಲಕನ ಸೋದರತ್ತಿ ಮಗ ಬಹಾಉದ್ದೀನ್ ಗುರ್ಶಾಸ್ಪ್ ನಮ್ಮ ಯಾದಗಿರಿ ಕಡೆಯ ಸಗರದಾಗ ಅಧಿಕಾರಿ. ಸುಲ್ತಾನನ ಮ್ಯಾಲೆ ತಿರುಗಿಬಿದ್ದ, ಸೋತ, ಓಡಿ ಬಂದು ಕಂಪಿಲನ ಕಾಲಿಗೆ ಬಿದ್ದ. ಕಂಪಿಲ ಮರೆಕೊಟ್ಟ, ಒಪ್ಪಿಸಂಗಿಲ್ಲ ಅಂದ. ಸುಲ್ತಾನನ ದಂಡು ಬಂತು. 1327ರಾಗ ಕೋಟಿ ಬಿತ್ತು, ರಾಜ್ಯ ಹೋತು. ಇನ್ನೊಂದು ಒಂಬತ್ತು ವರ್ಷಕ್ಕ, 1336ರಾಗ, ಇದೇ ಹೊಳಿ ದಂಡಿ ಮ್ಯಾಲೆ ವಿಜಯನಗರ ಎದ್ದಿತು.

ಇದನ್ನ ಬರದವನು ಇಬ್ನ್ ಬತೂತ, ಮೊರಾಕ್ಕೋ ದೇಶದ ತಿರುಗಾಡಿ. ಯುದ್ಧ ಮುಗದು ಏಳೆಂಟು ವರ್ಷಕ್ಕ ದಿಲ್ಲಿಗೆ ಬಂದು ಅದೇ ಸುಲ್ತಾನನ ಹತ್ರ ಕೆಲಸಕ್ಕಿದ್ದ. ಅವನು ಹೇಳೋದು: ಕೋಟ್ಯಾಗ ಕಾಳುಕಡಿ ಮುಗದಾಗ ರಾಯ ಗುರ್ಶಾಸ್ಪನಿಗೆ ಇನ್ನೊಬ್ಬ ಅರಸನ ಹತ್ರ ಹೋಗಿ ಜೀವ ಉಳಿಸಿಕೋ ಅಂತ ಕಳಿಸಿಕೊಟ್ಟ. ಆಮ್ಯಾಲೆ ದೊಡ್ಡ ಕೊಂಡ ಮಾಡಿಸಿ, ಇದ್ದಬದ್ದದ್ದು ಸುಟ್ಟು, ಮನಿ ಹೆಂಗಸರಿಗೆ "ನಾನು ಸಾಯಾಕ ಹೊಂಟೀನಿ, ಮನಸಿದ್ದವರು ಬರ್ರಿ" ಅಂದ. ಒಬ್ಬೊಬ್ಬರೇ ಮೈ ತೊಳಕೊಂಡು, ಗಂಧ ಹಚಿಗೊಂಡು, ಅವನ ಮುಂದ ನೆಲಕ್ಕ ಮುತ್ತಿಟ್ಟು ಬೆಂಕಿಗೆ ಹೋದರು. ಮಂತ್ರಿ ಸರದಾರರ ಮನಿ ಹೆಂಗಸರೂ ಹೋದರು. ರಾಯ ಹೊರಗ ಬಂದು ಕಾದಿ ಸತ್ತ. ಅವನ ಹನ್ನೊಂದು ಗಂಡುಮಕ್ಕಳನ್ನ ಹಿಡದು ಒಯ್ದರು, ಮುಸಲ್ಮಾನರನ್ನ ಮಾಡಿದರು. ಅವರಾಗ ಮೂವರನ್ನ ತಾನೇ ದಿಲ್ಲಿಯಾಗ ಕಂಡೀನಿ ಅಂತಾನ ಬತೂತ. ಗುರ್ಶಾಸ್ಪನನ್ನ ಮಾತ್ರ ಎರಡನೇ ಅರಸ ಉಳಿಸಲಿಲ್ಲ, ಹಿಡಕೊಟ್ಟ. ಸುಲ್ತಾನ ಅವನಿಗೆ ಮಾಡಿದ್ದನ್ನ ಇಲ್ಲಿ ಬರಿಯಂಗಿಲ್ಲ, ಮಕ್ಕಳೂ ಓದ್ತಾವ.

ನೋಡಿದ್ರೇನ್ರಿ? ಇದರಾಗ ಚೆಂಡಿಲ್ಲ. ರತ್ನಾಜಿ ಇಲ್ಲ. ರಾಮನ ಹೆಸರೂ ಇಲ್ಲ. ರಾಮ ಇರಲಿಲ್ಲ ಅಂತ ನಾನು ಹೇಳಂಗಿಲ್ಲ, ಇಷ್ಟು ಊರಾಗ ಅವನಿಗೆ ಪೂಜಿ ನಡೀತತಿ, ಮಲೆನಾಡಿನ ಕಡೆ ಕಟಿಗಿ ತಲಿ ಮಾಡಿ ಪೂಜಿ ಮಾಡ್ತಾರ. ನಾನು ಹೇಳೋದು ಬ್ಯಾರೆ. ಕೋಟಿ ಬಿದ್ದಿದ್ದು ಗಂಡಸರ ರಾಜಕಾರಣಕ್ಕ. ಮರೆಬಿದ್ದವನನ್ನ ಕೈಬಿಡಲಿಲ್ಲ ಅನ್ನೋ ಹಟಕ್ಕ. ಅದು ದೊಡ್ಡ ಮಾತೇ, ನಾನೂ ಕೈ ಮುಗೀತೀನಿ. ಆದ್ರ ಇನ್ನೂರು ವರ್ಷಕ್ಕ ಕತಿ ಕಾವ್ಯ ಆಗೋದ್ರಾಗ ಏನಾತು? ದಿಲ್ಲಿ ಸಿಟ್ಟಿಗೆ ಒಂದು ಕಾರಣ ಸುಲ್ತಾನನ ಮಗಳು ಬಾಬಮ್ಮ ರಾಮನಿಗೆ ಮನಸೋತಿದ್ದು. ಕೋಟಿ ಒಳಗ ಒಡದಿದ್ದು ರತ್ನಾಜಿಲೇ. ಕಡೀಗೆ ರಾಮನನ್ನ ಕೆಡವಿದ್ದು ದಿಲ್ಲಿ ದಂಡಿನ ಜೋಡಿ ಬಂದ ಮಾತಂಗಿ ಅನ್ನೋ ಹೆಂಗಸು. ಮೂರು ತಪ್ಪು, ಮೂರು ಹೆಂಗಸರು. ಬೆಂಕಿಗೆ ಹೋದ ಆ ಹೆಂಗಸರ ಹೆಸರು ಒಂದೂ ಉಳೀಲಿಲ್ಲ. ಬೈಗುಳ ಆಗಿ ರತ್ನಾಜಿ ಹೆಸರು ಏಳುನೂರು ವರ್ಷ ಉಳೀತು.

ಇದನ್ನೆಲ್ಲಾ ನಾನು ಚಿಗವ್ವಗ ಹೇಳಿರಲಿಲ್ಲ. ಅಪ್ಪ ಹೋಗಿ ಎರಡು ವರ್ಷಕ್ಕ, ಅಣ್ಣ ರಿಟೈರ್ ಆದ ಮ್ಯಾಲೆ, ಒಂದು ದಿನ ಅಣ್ಣನ ಕಾರಿನಾಗ ಮನಿ ಮಂದಿ ಎಲ್ಲಾ ಕುಮ್ಮಟದುರ್ಗ ನೋಡಾಕ ಹೋದ್ವಿ. ಡ್ಯಾಮಿನಿಂದ ನೀರು ಬಿಟ್ಟಿದ್ದಿಲ್ಲ, ಕಂಪ್ಲಿ ಸೇತುವಿ ತೆರದಿತ್ತು. ಚಿಗವ್ವನೂ ಬರ್ತೀನಿ ಅಂದಳು, ನಮಗ ಆಶ್ಚರ್ಯ. ಮಂಡಿನೋವು ಬ್ಯಾರೆ. ಗುಂಡುಕಲ್ಲು, ಮುಳ್ಳಕಂಟಿ, ಅಲ್ಲಲ್ಲೆ ಮುರದ ಕೋಟಿ ಗೋಡಿ. ಅರ್ಧಕ್ಕ ಬಂದು ಒಂದು ಬಂಡಿ ಮ್ಯಾಲೆ ಕುಂತಳು. ಅಲ್ಲೊಬ್ಬ ಕುರಿ ಕಾಯೋ ಹುಡುಗ ಇದ್ದ. ಅವನನ್ನ ಕೇಳಿದಳು, "ಯಪ್ಪಾ, ಇಲ್ಲಿ ರತ್ನಾಜಿ ಮನಿ ಎಲ್ಲಿತ್ತು?"

"ಗೊತ್ತಿಲ್ಲಬೇ. ರಾಮನ ಗುಡಿ ಆ ಕಡೆ ಐತಿ" ಅಂದ ಅವನು.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮ್ಯಾಲೆ ನನ್ನ ಕಡೆ ತಿರುಗಿ, "ಅರಸನ ಮಗ ಅಂದ್ರ ಹತ್ತು ಆಳು ಇರ್ತಾರ. ಚೆಂಡು ತರಾಕ ಇವನೇ ಯಾಕ ಹೋಗಬೇಕಿತ್ತು? ಹೋದ ಅನ್ನು. ಅವರಪ್ಪ ಇಬ್ಬರನ್ನೂ ಎದುರು ನಿಲ್ಲಿಸಿ ಒಂದು ಮಾತು ಕೇಳಿದ್ರ ಏನಾಕ್ಕಿತ್ತು?" ಅಂದಳು.

ಅವಾಗ ಸೀರಿ ಮಾತು ತಾನೇ ತಗದಳು. ಆಟ ನಡಿಯೋವಾಗ ಹಿಂದ ಕುಂತ ಹೆಂಗಸರು ಆಕಿ ಸೀರಿ ಗುರುತು ಹಿಡದು, "ಸೀರಿ ಸರಿಯಾದಾಕಿದೇ ತಂದಾರ ನೋಡು. ಮನ್ಯಾಗ ಎದಿಮಟ್ಟ ಬೆಳದ ಮಗ ಅದಾನ" ಅಂದರಂತ. ಇಷ್ಟೇ ಮಾತು. ಮರುದಿನ ಮುಂಜಾನಿ ಸೀರಿ ತಿರುಗಿ ಬಂದಾಗ ಅದರ ತುಂಬಾ ಬಣ್ಣ, ಬೆವರು. ಒಗದು ಒಣಗಿಸಿದಳು. ಮತ್ತ ಉಡಾಕ ಆಗಲಿಲ್ಲ. ಸುಡಾಕ ಮನಸು ಬರಲಿಲ್ಲ, ತವರಿನವರು ಸಾಲ ಮಾಡಿ ತಂದ ಸೀರಿ. ಕತ್ತರಿಸಿ ಕೌದಿ ಹೊಲದಳು. ನನ್ನ ಹಾಸಿಗಿ ಕೌದಿ ಅದು. ನಾನು ಅದನ್ನ ಹೊಚಿಗೊಂಡೇ ಬೆಳದೆ, ಒಂದು ದಿನವೂ ಕೇಳಲಿಲ್ಲ.

"ಅಪ್ಪಗ ಹೇಳಲಿಲ್ಲೇನು?" ಅಂದೆ.

"ಏನಂತ ಹೇಳಲಿ? ಹೇಳಿದ್ರ ಅದೇ ಕತಿ ಆಕ್ಕಿತ್ತು."

ಅಣ್ಣ ಎರಡು ಮಾರು ಆಚಿಗೆ ನಿಂತಿದ್ದ. ಕೇಳಿಸಿತೋ ಇಲ್ಲೋ ಅಂತ ನನಗ ಇವತ್ತಿಗೂ ಗೊತ್ತಿಲ್ಲ, ನಾನು ಕೇಳಿಲ್ಲ. ಇಳಿಯೋವಾಗ ಆಕಿಗೆ ಕಾಲು ಸೋತು ಬಂತು. ಅಣ್ಣ ಬಂದು ತೋಳು ಹಿಡದು ಇಳಿಸಿದ. ಆಕಿ ಹಿಡಸಿಕೊಂಡಳು. ಗಂಗಾವತಿಯಾಗ ಹೋಟೆಲಿಗೆ ಹೋದ್ವಿ, ಅಣ್ಣಗ ಶುಗರ್ ಐತಿ ಅಂತ ಅವನ ತಾಟಿನಾಗಿಂದ ಜಾಮೂನು ತಗದು ನನ್ನ ತಾಟಿಗೆ ಹಾಕಿದಳು. ನಲವತ್ತೈದು ವರ್ಷದಾಗ ಆಕಿ ಅವನ ತಾಟಿಗೆ ಕೈ ಹಾಕಿದ್ದು ನಾನು ಕಂಡಿದ್ದು ಅವತ್ತೇ.

ಚಿಗವ್ವ ಹೋದ ವರ್ಷ ಶ್ರಾವಣದಾಗ ಹೋದಳು. ಮಗ್ಗಲು ಮನಿ ಸೊಸಿ ಇದನ್ನೆಲ್ಲಾ ಕೇಳಿ ಕಣ್ಣು ಒರಸಿಕೊಂಡು, "ದೊಡ್ಡಮ್ಮಾ, ನನ್ನ ಬಾಣಂತನಕ್ಕ ಆ ಕೌದಿ ಕೊಡ್ರಿ" ಅಂತ ಕೇಳಿದಳು. ಬ್ಯಾರೆ ಯಾವುದಾರ ತಗೋ, ಹೊಸಾದು ಅದಾವ ಅಂದೆ. ಅದನ್ನ ಅಣ್ಣನ ಮೊಮ್ಮಗಳಿಗೆ ಕೊಡಬೇಕಂತ ಚಿಗವ್ವ ಹೇಳಿ ಹೋಗ್ಯಾಳ. ಒಂದು ಕಡೆ ಹೊಲಿಗಿ ಬಿಚ್ಚೇತಿ, ದೀಪಾವಳಿಯೊಳಗ ಹಾಕಿ ಕಳಿಸಬೇಕು. ದಾಳಿಂಬ್ರ ಬಣ್ಣದ ದಾರ ಯಾರ ಹತ್ರಾದರೂ ಇದ್ರ ತಿಳಸ್ರಿ, ಕಂಪ್ಲಿಯಾಗ ಆ ಬಣ್ಣ ಸಿಗವಲ್ದು.